ಫೋಟೋಗಳನ್ನು ಡಿವಿಡಿ ಮಾಡಿಸಿಟ್ಟರೆ ಜೀವನಪೂರ್ತಿ ಸೇಫ್. ನಿಜವೇ?

ಅಜ್ಜಿ ತೀರಿಕೊಂಡಾಗ ಹಾರ ಹಾಕಲು ಒಂದು ದೊಡ್ಡ ಫೋಟೋ ಬೇಕಾಯಿತು. ಅವರು ಬಾಯ್ತುಂಬ ನಕ್ಕಿದ್ದ ಫೋಟೋ ಇದ್ದದ್ದು ಚಿಕ್ಕಪ್ಪನ ಮಗಳ ಮದುವೆಯದ್ದು ಮಾತ್ರ. ‘ಡಿವಿಡಿ ಭದ್ರವಾಗಿದೆ, ಯೋಚನೆ ಮಾಡಬೇಡ’ ಅಂದರು ಚಿಕ್ಕಪ್ಪ. ಡಿಸ್ಕ್ ಚೆನ್ನಾಗಿಯೇ ಓಡಿತು. ಹಾಡು ಬಂತು, ಹೂವಿನ ಎಸಳು ಉದುರಿದವು, ಅಜ್ಜಿಯೂ ಬಂದರು. ಆದರೆ ಆ ಚಿತ್ರ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮುಖವೆಲ್ಲ ಮಸುಕು. ಸ್ಟುಡಿಯೋದವರು ಮೂಲ ಫೈಲುಗಳನ್ನು ಅಳಿಸಿ ವರ್ಷಗಳೇ ಆಗಿದ್ದವು. ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಜ್ಜಿ ನಗುತ್ತಿಲ್ಲ.

ಡಿಸ್ಕ್ ಹಾಳಾಗಿರಲಿಲ್ಲ. ಹಾಗಾದರೆ ಫೋಟೋ ಎಲ್ಲಿ ಹೋಯಿತು?

ಟಿವಿಯಲ್ಲಿ ನೋಡಲು ಮಾಡುವ ಸ್ಲೈಡ್ ಶೋ ಡಿಸ್ಕಿನಲ್ಲಿ ಸಾಮಾನ್ಯವಾಗಿ ಮೂಲ ಫೋಟೋಗಳು ಇರುವುದೇ ಇಲ್ಲ. ಇರುವುದು ಅವುಗಳಿಂದ ಮಾಡಿದ ವಿಡಿಯೋ. ನಮ್ಮ ದೇಶದ ಟಿವಿ ಪದ್ಧತಿಯ ಡಿವಿಡಿ ವಿಡಿಯೋದ ಅಳತೆ 720×576. ಅಂದರೆ ಒಂದು ಚಿತ್ರಕ್ಕೆ ಸುಮಾರು 4 ಲಕ್ಷ ಚುಕ್ಕೆಗಳು. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಮೂವತ್ತರಲ್ಲಿ ಒಂದು ಪಾಲಷ್ಟೇ ಉಳಿಯಿತು! ನಿಲ್ಲಿಸಿ ತೆಗೆದ ಫೋಟೋ ಆದರೆ ಎರಡೂ ಬದಿ ಕಪ್ಪು ಪಟ್ಟಿ ಬಂದು ಇನ್ನೂ ಕಡಿಮೆ. ಹಳೆಯ ವಿಸಿಡಿಯದ್ದು ಬರೀ 352×288, ಅದರ ಕಥೆ ಕೇಳಲೇಬೇಡಿ. ಹಳೆಯ ಡಬ್ಬಿ ಟಿವಿಯಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ‘ಜೀವನಪೂರ್ತಿ’ ಎಂಬ ಮಾತು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಕಾರ್ಖಾನೆಯಲ್ಲೇ ಅಚ್ಚಾಗಿರುತ್ತದೆ. ಸ್ಟುಡಿಯೋದಲ್ಲೋ ಮನೆಯಲ್ಲೋ ಬರೆಯುವ ಡಿಸ್ಕ್ ಹಾಗಲ್ಲ. ಅದರೊಳಗೆ ಬಣ್ಣದ ಒಂದು ತೆಳು ಪದರವಿರುತ್ತದೆ, ಲೇಸರ್ ಕಿರಣ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲಿಗೆ ಒಣಹಾಕಿದ ಸೀರೆಯ ಬಣ್ಣ ಮಾಸುವಂತೆ ಈ ಬಣ್ಣವೂ ಬಿಸಿಲು, ಶಾಖ, ತೇವಕ್ಕೆ ಕೆಡುತ್ತದೆ. ಕಿಟಕಿ ಪಕ್ಕದ ಶೋಕೇಸ್ ಇದಕ್ಕೆ ತಕ್ಕ ಜಾಗವಲ್ಲ.

ಹಾಗಂತ ಸ್ಲೈಡ್ ಶೋ ಮಾಡಬಾರದು ಎಂದಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡುವ ಸಂತೋಷವೇ ಬೇರೆ. ಡಿವಿಡಿ ಪ್ಲೇಯರ್ ಇರುವ ಹಿರಿಯರಿಗೆ ಕೊಡುವುದಾದರೆ ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಬಹುದು. ಮೊಬೈಲಿನ ಎಂಪಿ4 ಫೈಲನ್ನು ಡಿಸ್ಕಿಗೆ ಸುಮ್ಮನೆ ಕಾಪಿ ಮಾಡಿದರೆ ಹಳೆಯ ಪ್ಲೇಯರುಗಳು ಅದನ್ನು ಓದದೇ ಇರಬಹುದು. ‘ಡಿವಿಡಿ ವಿಡಿಯೋ’ ರೂಪದಲ್ಲೇ ಬರೆಯಬೇಕು.

ಮೂಲ ಫೋಟೋಗಳನ್ನು ಮಾತ್ರ ಬೇರೆಯಾಗಿ ಇಡಿ. 4.7 ಜಿಬಿಯ ಒಂದು ಡಿಸ್ಕಿಗೆ ‘ಡಾಟಾ ಡಿಸ್ಕ್’ ರೂಪದಲ್ಲಿ 4 ಎಂಬಿಯ ಸಾವಿರಕ್ಕೂ ಹೆಚ್ಚು ಫೋಟೋಗಳು ಕಿಂಚಿತ್ತೂ ಕುಗ್ಗದೆ ಹಿಡಿಸುತ್ತವೆ. ಈಗಿನ ಟಿವಿಯಾದರೆ ಡಿಸ್ಕಿನ ಗೊಡವೆಯೇ ಬೇಡ. ಜೆಪೆಗ್ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ. ಫುಲ್ ಎಚ್‌ಡಿ ಟಿವಿ 20 ಲಕ್ಷ ಚುಕ್ಕೆಗಳನ್ನು ತೋರಿಸುತ್ತದೆ, ಡಿವಿಡಿಗಿಂತ ಐದು ಪಟ್ಟು. ಐಫೋನಿನ ಫೋಟೋ ತೆರೆಯದಿದ್ದರೆ ಜೆಪೆಗ್‌ಗೆ ಬದಲಿಸಿಕೊಳ್ಳಿ. ಪೆನ್‌ಡ್ರೈವ್ ಕೂಡ ಚಿರಂಜೀವಿಯಲ್ಲ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಇರಲಿ, ಅದೂ ಬೇರೆ ಮನೆಯಲ್ಲಿದ್ದರೆ ಉತ್ತಮ. ಫ್ಯಾಮಿಲಿ ಗ್ರೂಪಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿ. ಸಾದಾ ಫೋಟೋವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ.

ಮದುವೆ, ಗೃಹಪ್ರವೇಶಕ್ಕೆ ಫೋಟೋ ತೆಗೆಸುತ್ತಿದ್ದರೆ ಅಡ್ವಾನ್ಸ್ ಕೊಡುವಾಗಲೇ ‘ಡಿವಿಡಿ ಜೊತೆಗೆ ಮೂಲ ಫೈಲುಗಳೂ ಬೇಕು’ ಎಂದು ಕೇಳಿ. ಈಗಾಗಲೇ ಮುಗಿದಿದ್ದರೆ ಇವತ್ತೇ ಸ್ಟುಡಿಯೋಗೆ ಒಂದು ಫೋನ್ ಮಾಡಿ ನೋಡಿ, ಇನ್ನೂ ಅಳಿಸಿರಲಿಕ್ಕಿಲ್ಲ.