ಮೂರು ತಿಂಗಳೋ, ಮೂರು ವರ್ಷವೋ? ಎಲೆಕ್ಟ್ರಿಷಿಯನ್ ಆಗುವ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ಜಿಲ್ಲಾ ಕೇಂದ್ರವೊಂದರ ಕಾಲೇಜು ಸಭಾಂಗಣದಲ್ಲಿ ನಮ್ಮ ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ನಡೆಯುತ್ತಿತ್ತು. ವೇದಿಕೆಯ ಮುಂದೆ ಒಂದು ಫೇಸಿನ ಮೇಲೆ ನಾಲ್ಕು ದೊಡ್ಡ ಹ್ಯಾಲೊಜೆನ್ ದೀಪಗಳು, ಹಿಂದೆ ಇನ್ನೊಂದು ಫೇಸಿನ ಮೇಲೆ ಅಂಥದೇ ಒಂದು ದೀಪ. ಅತಿಥಿಗಳು ಮಾತು ಆರಂಭಿಸಿ ಹತ್ತು ನಿಮಿಷವಾಗಿರಬಹುದು, ಇದ್ದಕ್ಕಿದ್ದಂತೆ ಮುಂದಿನ ನಾಲ್ಕೂ ದೀಪಗಳು ಮಂಕಾದವು. ಹಿಂದಿನದು ಕಣ್ಣು ಕುಕ್ಕುವಂತೆ ಬೆಳಗಿತು. ಬಾಡಿಗೆ ದೀಪಗಳೊಂದಿಗೆ ಬಂದಿದ್ದ ಹುಡುಗನೊಬ್ಬ ಹಿಂದಿನ ದೀಪ ನೋಡಿ, "ವೋಲ್ಟೇಜ್ ಚೆನ್ನಾಗಿ ಬಂತು ಸಾರ್" ಎಂದ. ಅಷ್ಟರಲ್ಲಿ ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಅವನ ಹಿರಿಯ ಮೇಸ್ತ್ರಿ ಲೋಟ ಬಿಸಾಡಿ, "ಮೇನ್ ಆಫ್ ಮಾಡೋ, ನ್ಯೂಟ್ರಲ್ ಹೋಗಿದೆ!" ಎಂದು ಕೂಗುತ್ತಾ ಓಡಿ ಬಂದರು. ಮೇನ್ ಆಫ್ ಆಗುವ ಮೊದಲೇ ಹಿಂದಿನ ದೀಪ ಸಿಡಿಯಿತು. ಅದೃಷ್ಟವಶಾತ್ ಗಾಜು ಯಾರಿಗೂ ತಾಗಲಿಲ್ಲ.

ಆ ಹುಡುಗನ ಬಳಿ ಮೂರು ತಿಂಗಳ ಕೋರ್ಸಿನ ಪ್ರಮಾಣಪತ್ರವಿತ್ತು. ಮೇಸ್ತ್ರಿಯವರ ಬಳಿ ಯಾವ ಪ್ರಮಾಣಪತ್ರವೂ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಾನು ಕ್ಯಾಮೆರಾ ಪಕ್ಕದಲ್ಲೇ ನಿಂತಿದ್ದೆ. ನನಗೂ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಉದ್ಯೋಗ ಮಾರ್ಗದರ್ಶನದ ನಮ್ಮ ಸಂಚಿಕೆಗಳ ನಂತರ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ಎಲೆಕ್ಟ್ರಿಷಿಯನ್ ಆಗಲು ಅಲ್ಪಾವಧಿ ಕೋರ್ಸು ಸಾಕೆ, ಐಟಿಐ ಮಾಡಬೇಕೆ, ಅಥವಾ ಊರಿನ ಮೇಸ್ತ್ರಿಯ ಕೈಕೆಳಗೆ ಸೇರಿದರೆ ಆಗದೆ? ಮನೆಯಲ್ಲಿ ಬೇಗ ದುಡಿಯುವ ಒತ್ತಡವಿರುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದಿನ ಆದದ್ದೇನು ನೋಡೋಣ. ಮೂರು ಫೇಸಿನ ಪೂರೈಕೆಯಲ್ಲಿ ಪ್ರತಿಯೊಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಸರಿಯಿರುವವರೆಗೆ ಪ್ರತಿ ದೀಪಕ್ಕೂ ತನ್ನ ಪಾಲಿನ 230 ಸಿಗುತ್ತದೆ. ನ್ಯೂಟ್ರಲ್ ಕಡಿದುಹೋದರೆ ಒಂದು ಫೇಸಿನ ದೀಪಗಳೂ ಇನ್ನೊಂದು ಫೇಸಿನ ದೀಪಗಳೂ 400 ವೋಲ್ಟಿಗೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಲೆಕ್ಕ ಸುಲಭವಾಗಲೆಂದು ಮೂರನೇ ಫೇಸನ್ನು ಬಿಟ್ಟುಬಿಡಿ, ದೀಪಗಳ ರೋಧ ಬದಲಾಗದೆಂದು ಹಿಡಿಯಿರಿ. ಒಂದೇ ದೀಪವಿರುವ ಕಡೆಯ ರೋಧ, ನಾಲ್ಕು ದೀಪಗಳನ್ನು ಸಮಾಂತರವಾಗಿ ಜೋಡಿಸಿದ ಕಡೆಯದರ ನಾಲ್ಕರಷ್ಟು. ಆದ್ದರಿಂದ 400ರ ಐದರಲ್ಲಿ ನಾಲ್ಕು ಪಾಲು, ಅಂದರೆ 320 ವೋಲ್ಟ್, ಆ ಒಂಟಿ ದೀಪದ ಮೇಲೆ ಬೀಳುತ್ತದೆ. ಉಳಿದ ನಾಲ್ಕಕ್ಕೆ 80 ವೋಲ್ಟ್ ಮಾತ್ರ. ಅತ್ತ ಮಂಕು, ಇತ್ತ ಸಿಡಿತ. ದೀಪದ ಜಾಗದಲ್ಲಿ ಯಾರದೋ ಮನೆಯ ಫ್ರಿಜ್ಜು, ಟಿ.ವಿ. ಇದ್ದಿದ್ದರೆ ಅವೂ ಸುಡುತ್ತಿದ್ದವು. ಮೇನ್ ಬೋರ್ಡು ತೆರೆದಾಗ ನ್ಯೂಟ್ರಲ್ ಕೂರಿಸಿದ್ದ ನಟ್ಟು ಸಡಿಲವಾಗಿ ಕಪ್ಪಗೆ ಸುಟ್ಟಿತ್ತು.

ಈ ಸರಣಿ, ಸಮಾಂತರಗಳೆಲ್ಲ ನಿಮ್ಮ ಹತ್ತನೇ ತರಗತಿಯ ಪುಸ್ತಕದಲ್ಲೇ ಇವೆ. ಹುಡುಗನ ಮೂರು ತಿಂಗಳ ಪಾಠದಲ್ಲೂ ಇದ್ದಿರಲೇಬೇಕು. ಆದರೆ ಪಾಠದಲ್ಲಿ ಓದಿದ್ದು ಕಣ್ಣೆದುರು ನಡೆದಾಗ ಅರೆಕ್ಷಣದಲ್ಲಿ ಗುರುತು ಸಿಗಬೇಕಾದರೆ ಅಂಥದ್ದನ್ನು ಹಿಂದೆ ಹತ್ತಾರು ಸಲ ನೋಡಿರಬೇಕು. ಕೋರ್ಸಿನ ಕೋಣೆಯಲ್ಲಿ ಹಲಗೆಯ ಮೇಲೆ ಹೊಸ ತಂತಿ, ಹೊಸ ಸ್ವಿಚ್ಚು ಇಟ್ಟು ಜೋಡಣೆ ಕಲಿಸುತ್ತಾರೆ. ಅಲ್ಲಿ ನಟ್ಟು ಸಡಿಲವಾಗುವುದಿಲ್ಲ, ಇಲಿ ತಂತಿ ಕಡಿಯುವುದಿಲ್ಲ, ಮಳೆನೀರು ಜಂಕ್ಷನ್ ಬಾಕ್ಸಿಗೆ ಇಳಿಯುವುದಿಲ್ಲ. ಹೊಸದಾಗಿ ವೈರಿಂಗ್ ಮಾಡುವುದು ಈ ಕಸುಬಿನ ಅರ್ಧ. ಇನ್ನರ್ಧ, ಇಪ್ಪತ್ತು ವರ್ಷದ ಹಿಂದೆ ಯಾರೋ ಮಾಡಿಟ್ಟ ವೈರಿಂಗಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು.

ಸಡಿಲ ನಟ್ಟು ಏಕೆ ಸುಟ್ಟಿತು? ನಿಮ್ಮ ಮನೆಯ ಗೀಸರನ್ನೇ ತೆಗೆದುಕೊಳ್ಳಿ. 3 ಕಿಲೊವ್ಯಾಟ್ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದರ ತಂತಿಯ ಜೋಡಣೆ ಸಡಿಲವಾಗಿ ಅಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ರೋಧ ಸೇರಿಕೊಂಡಿತೆನ್ನಿ. ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸುಮಾರು 17 ವ್ಯಾಟ್. ಬಟಾಣಿ ಕಾಳಿನಷ್ಟು ಜಾಗದಲ್ಲಿ 17 ವ್ಯಾಟ್ ಶಾಖ! ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು, ಅದು ಸೀಸವನ್ನೇ ಕರಗಿಸುತ್ತದೆ. ತಿರುಪನ್ನು ಎಷ್ಟು ಬಿಗಿಯಬೇಕು ಎಂಬುದು ಮಣಿಕಟ್ಟಿಗೆ ಗೊತ್ತಾಗಬೇಕಾದ ವಿದ್ಯೆ. ಅದಕ್ಕೆ ಸಾವಿರ ತಿರುಪುಗಳಾದರೂ ಬೇಕು.

ಹಾಗಾದರೆ ಮೇಸ್ತ್ರಿಯ ಕೈಕೆಳಗೆ ಸೇರುವುದೇ ಒಳ್ಳೆಯದೆ? ತಡೆಯಿರಿ. ಅದೇ ನ್ಯೂಟ್ರಲ್‌ನ ಇನ್ನೊಂದು ಕಥೆ ಕೇಳಿ.

ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಇರುವುದಿಲ್ಲ, ಇದ್ದರೂ ಒಣಗಿರುತ್ತದೆ. ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ಥ್ ಜಾಗ ಖಾಲಿ ಇರಬಾರದೆಂದು ನ್ಯೂಟ್ರಲ್‌ನಿಂದಲೇ ಒಂದು ತುಂಡು ತಂತಿ ಎಳೆದು ಅರ್ಥ್ ಪಿನ್ನಿಗೆ ಕಟ್ಟುವ ಅಭ್ಯಾಸ ಕೆಲವು ಮೇಸ್ತ್ರಿಗಳಲ್ಲಿದೆ. ಎಲ್ಲ ಸರಿಯಿದ್ದಾಗ ಏನೂ ತೊಂದರೆ ಕಾಣಿಸುವುದಿಲ್ಲ. ಆದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದರೆ, ಮನೆಯಲ್ಲಿ ಉರಿಯುತ್ತಿರುವ ಯಾವುದೋ ಬಲ್ಬಿನ ಮೂಲಕ ಫೇಸು ಈಚಿನ ನ್ಯೂಟ್ರಲ್ ತಂತಿಗೆ ಬರುತ್ತದೆ, ಅಲ್ಲಿಂದ ಆ ತುಂಡು ತಂತಿಯ ಮೂಲಕ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಲೋಹದ ಮೈಗೆ. ಒದ್ದೆ ಕೈಯ, ಬರಿಗಾಲ ಮನುಷ್ಯನ ದೇಹದ ರೋಧ ಸುಮಾರು 1,000 ಓಮ್ ಎಂದು ಹಿಡಿದರೆ 230 ಮಿಲಿ ಆಂಪಿಯರ್ ಹರಿಯಬಹುದು. ಮನೆಗಳಲ್ಲಿ ಜೀವರಕ್ಷಣೆಗೆಂದು ಹಾಕುವ ಸೋರಿಕೆ ಬ್ರೇಕರ್ 30 ಮಿಲಿ ಆಂಪಿಯರಿಗೇ ಕಡಿದುಕೊಳ್ಳುವಂತೆ ಮಾಡಿರುವುದನ್ನು ಗಮನಿಸಿದರೆ ಆ ಅಂಕಿಯ ಅರ್ಥ ತಿಳಿಯುತ್ತದೆ. ಈ ತುಂಡು ತಂತಿಯನ್ನು ಗುರು ಶಿಷ್ಯನಿಗೆ ಕಲಿಸಿದ, ಶಿಷ್ಯ ತನ್ನ ಶಿಷ್ಯನಿಗೆ. ಯಾರೂ ಏಕೆ ಎಂದು ಕೇಳಲಿಲ್ಲ. ಅನುಭವದ ಶಾಲೆಯಲ್ಲಿ ತಪ್ಪೂ ಅಷ್ಟೇ ಶ್ರದ್ಧೆಯಿಂದ ಪರಂಪರೆಯಾಗುತ್ತದೆ.

ಇನ್ನೊಂದು ಮಾತು. ಮೇಸ್ತ್ರಿಯ ಬಳಿ ಮೊದಲ ವರ್ಷ ಉಳಿ ಸುತ್ತಿಗೆ ಹಿಡಿದು ಗೋಡೆ ಕೊರೆಯುವುದು, ಏಣಿ ಹೊರುವುದು, ಚಹಾ ತರುವುದು, ಇಷ್ಟರಲ್ಲೇ ಕಳೆಯುವುದುಂಟು. ಕೂಲಿ ಅವರು ಕೊಟ್ಟಷ್ಟು. ಬಿದ್ದು ಕೈಕಾಲು ಮುರಿದರೆ ನೋಡುವವರಿಲ್ಲ. ಕಲಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಒಳ್ಳೆಯ ಮೇಸ್ತ್ರಿ ಸಿಕ್ಕರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ನಾಲ್ಕು ವರ್ಷ ಏಣಿ ಹಿಡಿದದ್ದೇ ಬಂತು.

ಈ ಎರಡರ ನಡುವೆ ಸರ್ಕಾರ ಬಹಳ ಹಿಂದೆಯೇ ಒಂದು ದಾರಿ ಹಾಕಿದೆ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಗೆ 2 ವರ್ಷದ ತರಬೇತಿಯಿದೆ. ಗಣಿತ, ವಿಜ್ಞಾನ ಓದಿ ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು. ಮುಗಿಸಿದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲೋ ಸಂಸ್ಥೆಯಲ್ಲೋ ಸಾಮಾನ್ಯವಾಗಿ ಒಂದು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಕಲಿಯಬಹುದು. ಸರ್ಕಾರಿ ಕನ್ನಡದಲ್ಲಿ ಇವರನ್ನು 'ಶಿಶಿಕ್ಷು' ಎನ್ನುತ್ತಾರೆ, ಉಚ್ಚರಿಸಲು ಸ್ವಲ್ಪ ತರಬೇತಿ ಬೇಕು. 2019ರ ತಿದ್ದುಪಡಿಯ ನಿಯಮಗಳು 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು ವಿಧಿಸಿದವು. ಕನಿಷ್ಠ ಶಿಷ್ಯವೇತನವನ್ನು ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಗೊತ್ತುಮಾಡಿದವು. ಕೊನೆಗೆ ಅಖಿಲ ಭಾರತ ಮಟ್ಟದ ಪರೀಕ್ಷೆ, ಇನ್ನೊಂದು ಪ್ರಮಾಣಪತ್ರ. ಮೇಸ್ತ್ರಿಯ ಹತ್ತಿರ ಸಿಗುವ ಅನುಭವವೂ ಪುಸ್ತಕದ ಏಕೆಯೂ ಒಂದೇ ಹುಡುಗನ ಪಾಲಿಗೆ ಬರಲೆಂಬುದು ಇದರ ಉದ್ದೇಶ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಎಲ್ಲ ಐಟಿಐಗಳೂ ಒಂದೇ ತೆರನಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸೇರುವ ಮೊದಲು ವರ್ಕ್‌ಶಾಪಿನ ಒಳಗೆ ಹೋಗಿ ನೋಡಿ. ಮೋಟಾರುಗಳ ಮೇಲೆ ಧೂಳಿದೆಯೋ ಕೈಗುರುತಿದೆಯೋ ಎನ್ನುವುದರಲ್ಲೇ ಬಹಳಷ್ಟು ತಿಳಿಯುತ್ತದೆ.

ಅಲ್ಪಾವಧಿ ಕೋರ್ಸುಗಳನ್ನು ನಾನು ಹೀಗಳೆಯುತ್ತಿದ್ದೇನೆಂದು ತಿಳಿಯಬೇಡಿ. ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ, ಊಟ ವಸತಿ ಸಹಿತ ಉಚಿತವಾಗಿ ಇಂಥ ಕಿರು ತರಬೇತಿಗಳನ್ನು ನಡೆಸಿ ಹೆಸರಾಯಿತು. ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ತೆರೆದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಅದೇ ಮಾದರಿ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಕಲಿತು ಊರಲ್ಲೇ ಅಂಗಡಿ ಇಟ್ಟ ಯುವಕರನ್ನು ನಮ್ಮ ಚಿತ್ರೀಕರಣಗಳಲ್ಲಿ ಕಂಡಿದ್ದೇನೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲೂ ಕೆಲವು ನೂರು ಗಂಟೆಗಳ ಕೋರ್ಸುಗಳಿವೆ. ಅಲ್ಲಿ ಸಿಗುವ ಹುದ್ದೆಯ ಹೆಸರನ್ನು ಸರಿಯಾಗಿ ಓದಿ: 'ಅಸಿಸ್ಟೆಂಟ್ ಎಲೆಕ್ಟ್ರಿಷಿಯನ್'. ಸಹಾಯಕ ಎಂದು ಅವರೇ ಹೇಳಿದ್ದಾರೆ. 'ಮೂರೇ ತಿಂಗಳಲ್ಲಿ ಪೂರ್ಣ ಎಲೆಕ್ಟ್ರಿಷಿಯನ್' ಎಂದು ಬಸ್ ನಿಲ್ದಾಣದ ಗೋಡೆಗೆ ಭಿತ್ತಿಪತ್ರ ಅಂಟಿಸುವವರು ಬೇರೆ.

ಲೆಕ್ಕ ಹಾಕಿ. ಕೋರ್ಸು 300 ಗಂಟೆ ಎನ್ನೋಣ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 280 ದಿನ ಕೆಲಸ ಮಾಡುವ ಅಪ್ರೆಂಟಿಸಿಗೆ 2,240 ಗಂಟೆ ಸಿಗುತ್ತದೆ. ಮುನ್ನೂರು ಗಂಟೆಯಲ್ಲಿ ಹೊಸಬನನ್ನು ಕೆಲಸದ ಬಾಗಿಲವರೆಗೆ ತಂದು ನಿಲ್ಲಿಸಬಹುದು. ಆಗಲೇ ಕೆಲಸ ಬಲ್ಲವನಿಗೆ ಅಷ್ಟೇ ಗಂಟೆಗಳಲ್ಲಿ ಸೌರಫಲಕದ ಜೋಡಣೆಯನ್ನೋ ಇನ್ವರ್ಟರ್ ದುರಸ್ತಿಯನ್ನೋ ಚೆನ್ನಾಗಿಯೇ ಕಲಿಸಬಹುದು. ಆದ್ದರಿಂದ ಕಿರು ಕೋರ್ಸಿಗೆ ಹೆಚ್ಚು ಒಪ್ಪುವ ಜಾಗ ಎರಡು ವರ್ಷದ ಅನುಭವದ ನಂತರದ್ದೆಂದು ನನ್ನ ಅಭಿಪ್ರಾಯ. ಮೊದಲೇ ದುಡಿಮೆಗಿಳಿದು ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನೂ ಕೌಶಲ ವಿಕಾಸ ಯೋಜನೆಯಲ್ಲಿ ತಂದಿದ್ದಾರೆ. ಮೇಸ್ತ್ರಿಗಳ ಬಳಿ ಪಳಗಿದವರು ಅದನ್ನು ವಿಚಾರಿಸಬೇಕು.

ಇನ್ನು ಕಾನೂನಿನ ವಿಷಯ. ಬಹಳ ವಿದ್ಯಾರ್ಥಿಗಳಿಗೆ, ಅವರ ತಂದೆತಾಯಿಗಳಿಗೂ, ಇದು ತಿಳಿದಿರುವುದಿಲ್ಲ. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಉಳಿದ ವಿದ್ಯುತ್ ಅಳವಡಿಕೆಯನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾಪತ್ರವಿರುವ ಮೇಲ್ವಿಚಾರಕರ ಕಣ್ಗಾವಲಿನಲ್ಲಿ, ಪರ್ಮಿಟ್ ಇರುವ ವೈರ್‌ಮನ್‌ಗಳೇ ಮಾಡಬೇಕೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಇತ್ತು. ಅವುಗಳ ಜಾಗದಲ್ಲಿ 2010ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದರೂ ತತ್ತ್ವ ಬದಲಾಗಿಲ್ಲ. ನಮ್ಮ ರಾಜ್ಯದಲ್ಲಿ ಈ ಪರ್ಮಿಟ್, ಲೈಸೆನ್ಸುಗಳ ಕೆಲಸ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ಕೋರ್ಸಿನ ಪ್ರಮಾಣಪತ್ರವೇ ಪರ್ಮಿಟ್ ಅಲ್ಲ. ನೀವು ಸೇರಬೇಕೆಂದಿರುವ ಕೋರ್ಸನ್ನು ವೈರ್‌ಮನ್ ಪರ್ಮಿಟ್ಟಿಗೆ ಅರ್ಹತೆಯೆಂದು ಒಪ್ಪುತ್ತಾರೆಯೇ, ಎಷ್ಟು ವರ್ಷದ ಅನುಭವ ಕೇಳುತ್ತಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಪರಿವೀಕ್ಷಣಾಲಯದಲ್ಲಿ ಕೇಳಿ ತಿಳಿಯಿರಿ. ಭಿತ್ತಿಪತ್ರದವರನ್ನು ಕೇಳಬೇಡಿ.

ಹೆಣ್ಣುಮಕ್ಕಳು ಕೇಳುತ್ತೀರಿ, ನಮಗಿದು ಆಗುತ್ತದೆಯೇ ಎಂದು. ಐಟಿಐ ಬಾಗಿಲು ನಿಮಗೂ ತೆರೆದಿದೆ. ತಿರುಪು ಬಿಗಿಯಲು ಬೇಕಾದದ್ದು ತಾಳ್ಮೆ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಗೃಹಿಣಿಯರು ರಿಪೇರಿಗೆ ಹೆಣ್ಣುಮಗಳೊಬ್ಬಳು ಬಂದರೆ ಎಷ್ಟು ನಿರಾಳ ಎಂದು ನಮ್ಮ ಕಾರ್ಯಕ್ರಮದಲ್ಲೇ ಹೇಳಿದ್ದಾರೆ.

ಆ ದಿನದ ಹುಡುಗ ಮೇಸ್ತ್ರಿಯವರನ್ನು ಬಿಟ್ಟು ಹೋಗಲಿಲ್ಲ. ದೀಪ ಸಿಡಿದ ರಾತ್ರಿ ಸಾಮಾನು ಕಟ್ಟುವಾಗ ಅವರು ಬೈಯ್ಯಲೂ ಇಲ್ಲ. ಸುಟ್ಟ ನಟ್ಟನ್ನು ಅವನ ಅಂಗೈಯಲ್ಲಿಟ್ಟು, "ಇದನ್ನ ಇಟ್ಕೊ ತಮ್ಮಾ" ಎಂದರಷ್ಟೆ. ಆಮೇಲೆ ಅವನು ಅವರೊಡನೆ ದುಡಿಯುತ್ತಲೇ ವೈರ್‌ಮನ್ ಪರೀಕ್ಷೆಗೆ ಓದತೊಡಗಿದ. ಒಂದು ಮಧ್ಯಾಹ್ನ ಸ್ಟುಡಿಯೋಗೆ ದೀಪ ತಂದಾಗ ನನ್ನ ಮೇಜಿನ ಬಳಿ ಬಂದು ಕೇಳಿದ: "ಸಾರ್, ಫೇಸಿಗೆ 230 ಅಂದ್ರೆ ಎರಡು ಫೇಸಿಗೆ 460 ಆಗ್ಬೇಕಲ್ವಾ? 400 ಯಾಕೆ? ಅಣ್ಣನ್ನ ಕೇಳಿದ್ರೆ, ಅದು ಇರೋದೇ ಹಾಗೆ ಅಂತಾರೆ." ಕಾಗದದ ಮೇಲೆ 120 ಡಿಗ್ರಿ ಅಂತರದಲ್ಲಿ ಮೂರು ಗೆರೆ ಎಳೆದು ಮೂರರ ವರ್ಗಮೂಲದವರೆಗೆ ಬರಲು ನನಗೆ ಅರ್ಧ ಗಂಟೆ ಹಿಡಿಯಿತು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮೇಸ್ತ್ರಿಗೆ ತೋರಿಸುತ್ತೇನೆಂದು ಹೋದ.