ಚಿತ್ರದ ಕೆಳಗೊಂದು ಹೆಸರು

ಗಾಂಧಿನಗರದ ಸ್ಟಿಲ್ ಫೋಟೊಗ್ರಾಫರುಗಳಿಂದ ಶಿಕಾರಿಪುರ, ಸೊರಬದ ಹೋರಿ ಅಖಾಡದವರೆಗೆ: ತಾರೆಯರ ಫೋಟೊ ತೆಗೆಯುವ ಕಸುಬು ಬೆಳೆದು ಬಂದ ದಾರಿ

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಊರೂರಿನ ಸರ್ಕಲ್‌ಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳ ನಡುವೆ ನಿಂತಿರುವುದು ಹೋರಿ. ಕೊಂಬಿಗೆ ಬಣ್ಣ, ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಝೂಲ. ಹೋರಿಗೊಂದು ಬಿರುದಿನಂಥ ಹೆಸರು, ಹೆಸರಿನ ಜೊತೆಗೊಂದು ನಂಬರು. ಕೆಳಗೆ ಅಭಿಮಾನಿ ಬಳಗದ ಹುಡುಗರ ಮುಖಗಳ ಸಾಲು. ಸಿನಿಮಾ ನಾಯಕನಿಗೆ ಸಲ್ಲುವ ಮರ್ಯಾದೆಯೆಲ್ಲ ಇಲ್ಲಿ ಹೋರಿಗೂ ಸಲ್ಲುತ್ತದೆ. ಅದಕ್ಕೆ ಹಾಡು ಕಟ್ಟುತ್ತಾರೆ, ಹುಟ್ಟುಹಬ್ಬ ಮಾಡುತ್ತಾರೆ, ಅದು ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ.

ಆ ಫ್ಲೆಕ್ಸ್‌ನ ಮೂಲೆಯಲ್ಲಿ ಪ್ರಿಂಟ್ ಹಾಕಿದ ಅಂಗಡಿಯ ಹೆಸರು, ಫೋನ್ ನಂಬರು ಇರುತ್ತವೆ. ಹೋರಿ ನೆಲ ಬಿಟ್ಟು ಚಿಮ್ಮಿದ ಆ ಕ್ಷಣವನ್ನು ಹಿಡಿದ ಫೋಟೊಗ್ರಾಫರ್ ಯಾರೆಂದು ಮಾತ್ರ ಹೆಚ್ಚಿನ ಫ್ಲೆಕ್ಸ್‌ಗಳು ಹೇಳುವುದಿಲ್ಲ. ಈ ಮರೆವು ಇವತ್ತಿನದಲ್ಲ. ಕನ್ನಡ ಚಿತ್ರರಂಗದ ದೊಡ್ಡ ದೊಡ್ಡ ಚಿತ್ರಗಳ ಜೊತೆಗೇ ಅದು ಬೆಳೆದು ಬಂದಿದೆ. ಜನಪ್ರಿಯರ ಫೋಟೊ ತೆಗೆದು ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ ಇವತ್ತು ಮಲೆನಾಡಿನ ಅನೇಕ ಹುಡುಗ ಹುಡುಗಿಯರಿಗಿದೆ. ಅವರು ಈ ಕಸುಬಿನ ಹಿಂದಿನ ಕತೆಯನ್ನು ತಿಳಿದಿರುವುದು ಒಳ್ಳೆಯದು.

ಟೆಂಟಿನ ಮುಂದಿನ ಗಾಜಿನ ಪೆಟ್ಟಿಗೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ಸಣ್ಣ ಊರುಗಳಿಗೆ ಸಿನಿಮಾ ಬಂದದ್ದು ಟೂರಿಂಗ್ ಟಾಕೀಸಿನ ಟೆಂಟುಗಳ ಜೊತೆ. ಟಿಕೆಟ್ ಕೌಂಟರಿನ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಗುಂಡುಸೂಜಿಯಿಂದ ಚುಚ್ಚಿದ ಕಪ್ಪುಬಿಳುಪು ಫೋಟೊಗಳಿರುತ್ತಿದ್ದವು. ನಾಯಕ ಕತ್ತಿ ಎತ್ತಿದ್ದು, ನಾಯಕಿ ಕಣ್ಣೀರು ಹಾಕಿದ್ದು, ಹಾಸ್ಯನಟ ಬಿದ್ದದ್ದು. ಟಿಕೆಟ್ಟಿಗೆ ಕಾಸಿಲ್ಲದ ಮಕ್ಕಳು ಆ ಐದಾರು ಫೋಟೊಗಳಲ್ಲೇ ಇಡೀ ಕತೆಯನ್ನು ಊಹಿಸಿಕೊಳ್ಳುತ್ತಿದ್ದರು. ತೆರೆಯ ಮೇಲೆ ಕಂಡ ರಾಜ್‌ಕುಮಾರ್ ಎರಡೂವರೆ ಗಂಟೆಯಲ್ಲಿ ಮಾಯವಾಗುತ್ತಿದ್ದರು. ಪೆಟ್ಟಿಗೆಯಲ್ಲಿದ್ದ ರಾಜ್‌ಕುಮಾರ್ ಟೆಂಟು ಎತ್ತುವವರೆಗೂ ಊರಲ್ಲೇ ಇರುತ್ತಿದ್ದರು.

ಆ ಫೋಟೊಗಳು ಸಿನಿಮಾ ರೀಲಿನಿಂದ ಕತ್ತರಿಸಿದವಲ್ಲ. ಓಡುವ ಫಿಲ್ಮಿನ ಒಂದು ಚೌಕವನ್ನು ದೊಡ್ಡದು ಮಾಡಿದರೆ ಅದು ಮಸುಕಾಗಿ, ಕಣಕಣವಾಗಿ ಕಾಣುತ್ತದೆ. ಪೋಸ್ಟರಿಗೆ, ಪತ್ರಿಕೆಗೆ ಬೇಕಾದ ಚಿತ್ರವನ್ನು ಬೇರೆಯೇ ತೆಗೆಯಬೇಕು. ಸೆಟ್ಟಿನಲ್ಲಿ ಸ್ಟಿಲ್ ಫೋಟೊಗ್ರಾಫರ್ ಎಂಬ ಜಾಗ ಹುಟ್ಟಿದ್ದು ಈ ಅಗತ್ಯದಿಂದ.

‘ಬೇಡರ ಕಣ್ಣಪ್ಪ’ ಬಂದ 1954ರ ಕಾಲಕ್ಕೆ ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದ್ರಾಸಿನಲ್ಲಿ ನಡೆಯುತ್ತಿತ್ತು. 1966ರಲ್ಲಿ ಕಂಠೀರವ ಸ್ಟುಡಿಯೊ ಆರಂಭವಾಯಿತು. ಚಿತ್ರರಂಗ ಮೆಲ್ಲಗೆ ಬೆಂಗಳೂರಿಗೆ ಬಂದು ನೆಲೆಸಿತು. ಹಂಚಿಕೆದಾರರ ಆಫೀಸುಗಳು ತುಂಬಿದ ಗಾಂಧಿನಗರದಲ್ಲಿ ಫೋಟೊ ಸ್ಟುಡಿಯೊಗಳೂ ತಲೆ ಎತ್ತಿದವು. ಪ್ರಗತಿ ಸ್ಟುಡಿಯೊದ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಮೊದಲಾದವರ ಹೆಸರು ಆ ಕಾಲದ ಕನ್ನಡ ಸಿನಿಮಾದ ಜೊತೆ ಬೆಸೆದುಕೊಂಡಿದೆ. ಮುಂದಿನ ತಲೆಮಾರಿನಲ್ಲಿ ಡಿ.ಸಿ. ನಾಗೇಶ್, ಕೆ.ಎನ್. ನಾಗೇಶ್‌ಕುಮಾರ್ ಬಂದರು. ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ಹಳೆಯ ನಟನಟಿಯರ ಮುಖಗಳನ್ನು ನಮಗೆ ತಲುಪಿಸಿದವರು ಇಂಥವರು.

ಹನ್ನೆರಡೇ ಚೌಕ

ಸೆಟ್ಟಿನಲ್ಲಿ ಇವರ ಕೆಲಸ ಶುರುವಾಗುತ್ತಿದ್ದುದು ಬೇರೆಯವರ ಕೆಲಸ ಮುಗಿದ ಮೇಲೆ. ನಿರ್ದೇಶಕರು ಶಾಟ್ ಓಕೆ ಅಂದ ಕೂಡಲೇ ಇವರು ‘ಸ್ಟಿಲ್’ ಎಂದು ಕೂಗಿ ಮುಂದೆ ಬರಬೇಕು. ಲೈಟುಗಳು ಉರಿಯುತ್ತಿರುತ್ತವೆ, ಮುಂದಿನ ಶಾಟಿಗೆ ಎಲ್ಲರಿಗೂ ಅವಸರ. ಆಗಷ್ಟೇ ಮಾತು ಮುಗಿಸಿದ ನಟ ಅದೇ ಭಾವವನ್ನು ಮಾತಿಲ್ಲದೆ ಮತ್ತೆ ಮುಖಕ್ಕೆ ತರಬೇಕು. ಸೊಂಟದ ಎತ್ತರಕ್ಕೆ ಹಿಡಿದ ಎರಡು ಲೆನ್ಸಿನ ಕ್ಯಾಮೆರಾದ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. 120 ರೋಲಿನಲ್ಲಿ ಇರುವುದು ಹನ್ನೆರಡೇ ಚೌಕ. ಕಣ್ಣು ಮಿಟುಕಿಸಿದರೆ ಒಂದು ಹೋಯಿತು. ಫಿಲ್ಮಿನ ಬೆಲೆ ನಿರ್ಮಾಪಕರ ಲೆಕ್ಕದಲ್ಲಿತ್ತು. ಹಾಗಾಗಿ ಎಷ್ಟು ಸಲ ಬಟನ್ ಒತ್ತಿದೆ ಎಂಬುದಕ್ಕಿಂತ ಯಾವಾಗ ಒತ್ತಲಿಲ್ಲ ಎಂಬುದರಲ್ಲೇ ಕೈಚಳಕ ಗೊತ್ತಾಗುತ್ತಿತ್ತು.

ಕೆಲಸ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ನಿನ್ನೆ ನಾಯಕಿಯ ಕುಂಕುಮ ಎಷ್ಟು ಅಗಲವಿತ್ತು, ನಾಯಕನ ಅಂಗಿಯ ಎಷ್ಟು ಗುಂಡಿ ಬಿಚ್ಚಿತ್ತು, ಗಡಿಯಾರ ಯಾವ ಕೈಯಲ್ಲಿತ್ತು ಎಂಬ ಕಂಟಿನ್ಯುಟಿಗೂ ಅವರ ಫೋಟೊಗಳೇ ಸಾಕ್ಷಿ. ಚಿತ್ರ ಇನ್ನೂ ಅರ್ಧದಲ್ಲಿರುವಾಗಲೇ ಆಲ್ಬಮ್ ಸಿದ್ಧವಾಗಬೇಕಿತ್ತು. ಶಿವಮೊಗ್ಗ, ಹುಬ್ಬಳ್ಳಿ ಕಡೆಯ ಪ್ರದರ್ಶಕರು ಸಿನಿಮಾ ನೋಡುವ ಮೊದಲು ನೋಡುತ್ತಿದ್ದುದು ಆ ಆಲ್ಬಮನ್ನು. ಚಿತ್ರವನ್ನು ಮೊದಲು ಮಾರಿದವರು ಸ್ಟಿಲ್ ಫೋಟೊಗ್ರಾಫರುಗಳು ಎಂದರೆ ಉತ್ಪ್ರೇಕ್ಷೆಯಾಗದು.

ಇವರ ದೊಡ್ಡ ಬಂಡವಾಳವೆಂದರೆ ನಂಬಿಕೆ. ಯಾರ ಮುಖ ಯಾವ ಮಗ್ಗುಲಿನಿಂದ ಚೆಂದ, ಯಾರು ಊಟದ ನಂತರ ಮಂಕಾಗುತ್ತಾರೆ, ಯಾರು ವಿಗ್ ತೆಗೆದಿಟ್ಟಾಗ ಕ್ಯಾಮೆರಾ ಕೆಳಗಿಳಿಸಬೇಕು ಎಂಬುದು ವರ್ಷಗಟ್ಟಲೆ ಜೊತೆಗಿದ್ದವರಿಗೆ ಮಾತ್ರ ಗೊತ್ತು. ತೆಗೆಯಬಾರದ ಫೋಟೊವನ್ನು ತೆಗೆಯದೆ ಬಿಟ್ಟವರನ್ನೇ ಮರುದಿನ ಮೇಕಪ್ ಕೋಣೆಗೆ ಕರೆಯುತ್ತಾರೆ. ಈ ಮಾತು ಇಂದಿಗೂ ಸುಳ್ಳಾಗಿಲ್ಲ.

ಪತ್ರಿಕೆಗಳ ಕಾಲ

1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು. ‘ವಿಜಯಚಿತ್ರ’, ‘ರೂಪತಾರಾ’, ‘ಅರಗಿಣಿ’ಯಂಥ ಸಿನಿಮಾ ಪತ್ರಿಕೆಗಳೂ ಓದುಗರನ್ನು ಕಂಡುಕೊಂಡವು. 1976ರಲ್ಲಿ ಡಿ.ವಿ. ಸುಧೀಂದ್ರ ಅವರು ಶ್ರೀ ರಾಘವೇಂದ್ರ ಚಿತ್ರವಾಣಿಯನ್ನು ಶುರುಮಾಡಿದ ಮೇಲೆ ಕನ್ನಡದಲ್ಲಿ ಸಿನಿಮಾ ಪ್ರಚಾರವೇ ಒಂದು ವೃತ್ತಿಯಾಯಿತು. ಸುದ್ದಿಯ ಹಾಳೆಯ ಜೊತೆ ಫೋಟೊ ಇಟ್ಟ ಲಕೋಟೆ ಪತ್ರಿಕಾ ಕಚೇರಿಗಳಿಗೆ ಹೋಗತೊಡಗಿತು. ಸೊರಬದ ಕಟಿಂಗ್ ಶಾಪಿನ ಕನ್ನಡಿಯ ಪಕ್ಕಕ್ಕೆ, ಶಿಕಾರಿಪುರದ ಲಾರಿ ಚಾಲಕರ ತಲೆಯ ಮೇಲಕ್ಕೆ ಅಂಟಿದ್ದು ಈ ಪತ್ರಿಕೆಗಳ ನಡುಪುಟಗಳೇ. ಕತ್ತರಿಸಿ ಅಂಟಿಸುವಾಗ ಅಂಚಿನಲ್ಲಿದ್ದ ‘ಚಿತ್ರ:’ ಎಂಬ ಸಾಲು ಮೊದಲು ಕಸಕ್ಕೆ ಹೋಗುತ್ತಿತ್ತು.

ಬಂಗಾಳದಲ್ಲಿ ನಿಮಾಯ್ ಘೋಷ್ 1960ರ ದಶಕದ ಕೊನೆಯಿಂದ ಸುಮಾರು ಕಾಲು ಶತಮಾನ ಸತ್ಯಜಿತ್ ರಾಯ್ ಅವರ ಬೆನ್ನಿಗೇ ಇದ್ದು ಫೋಟೊ ತೆಗೆದರು. ಅವು ಪುಸ್ತಕಗಳಾದವು, ಪ್ರದರ್ಶನಗಳಾದವು. 2010ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರಾಜ್‌ಕುಮಾರ್ ಅವರ ಚಿತ್ರಗಳು ನಮ್ಮ ಆಟೊಗಳ ಹಿಂದೆ, ಹೋಟೆಲುಗಳ ಗಲ್ಲಾದ ಮೇಲೆ, ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಎಲ್ಲೆಲ್ಲೂ ಇವೆ. ಅವುಗಳನ್ನು ತೆಗೆದವರ ಹೆಸರು ಕೇಳಿದರೆ ಎಷ್ಟು ಜನ ಹೇಳಬಲ್ಲರು? ಇದು ನಾವು ತೀರಿಸಬೇಕಾದ ಋಣ.

ತಾರೆಯೇ ಊರಿಗೆ ಬಂದಾಗ

ಸೊರಬಕ್ಕೂ ಚಿತ್ರರಂಗಕ್ಕೂ ನೆಂಟಸ್ತಿಕೆಯೇ ಇದೆ. ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪನವರ ಮಗಳು ಗೀತಾ ಅವರನ್ನು ಶಿವರಾಜ್‌ಕುಮಾರ್ ಮದುವೆಯಾದದ್ದು 1986ರಲ್ಲಿ, ‘ಆನಂದ್’ ತೆರೆಕಂಡ ವರ್ಷವೇ. ಬಂಗಾರಪ್ಪನವರ ಮಗ ಕುಮಾರ್ ಬಂಗಾರಪ್ಪ ‘ವಿಜಯೋತ್ಸವ’, ‘ಅಶ್ವಮೇಧ’ ಚಿತ್ರಗಳ ನಾಯಕನಾಗಿ, ಮುಂದೆ ಸೊರಬದ ಶಾಸಕರೂ ಆದರು. ಗೀತಾ ಅವರು 2014ರಲ್ಲೂ 2024ರಲ್ಲೂ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದಾಗ ಶಿವರಾಜ್‌ಕುಮಾರ್ ಪ್ರಚಾರಕ್ಕೆ ಬಂದರು. ಗಾಜಿನ ಪೆಟ್ಟಿಗೆಯಲ್ಲಿ ನೋಡಿದ ಮನೆತನದ ಮುಖವನ್ನು ಜನ ತಮ್ಮ ಊರಿನ ಬಿಸಿಲಲ್ಲಿ ನೋಡಿದರು.

ಆ ಎರಡು ಚುನಾವಣೆಗಳ ನಡುವಿನ ಹತ್ತು ವರ್ಷಗಳಲ್ಲಿ ಈ ಕಸುಬಿನ ನೆಲವೇ ಸರಿದಿತ್ತು. ಎರಡನೆಯ ಸಲ ಎಲ್ಲರ ಕೈಯಲ್ಲೂ ಒಳ್ಳೆಯ ಕ್ಯಾಮೆರಾದ ಫೋನು, ಬೆರಳ ತುದಿಯಲ್ಲಿ ರೀಲ್ಸ್. ತಾರೆಯ ಹತ್ತಿರ ಹೋಗುವ ಅವಕಾಶವಷ್ಟೇ ಈಗ ಬಂಡವಾಳವಾಗದು. ಮುಂಬೈಯಲ್ಲಿ ಏರ್‌ಪೋರ್ಟು, ಜಿಮ್ಮುಗಳ ಬಾಗಿಲಲ್ಲಿ ಕಾಯುವ ಫೋಟೊಗ್ರಾಫರುಗಳ ದಂಡೇ ಇದೆ. ಕ್ಷಣಾರ್ಧದಲ್ಲಿ ಇನ್‌ಸ್ಟಾಗ್ರಾಂ ಸೇರುವ ಆ ಚಿತ್ರಗಳಲ್ಲಿ ಬಹುಪಾಲನ್ನು ಮರುದಿನ ಯಾರೂ ನೆನೆಯುವುದಿಲ್ಲ. ಉಳಿಯುವುದು ಬೆಳಕನ್ನೂ ಮನುಷ್ಯರನ್ನೂ ಬಲ್ಲವರು ತೆಗೆದ ಫೋಟೊ. ಆ ಅರಿವನ್ನು ಸಂಪಾದಿಸಲು ಬೆಂಗಳೂರಿನ ಬಸ್ಸು ಹತ್ತಿಯೇ ತೀರಬೇಕೆಂದಿಲ್ಲ.

ಅಖಾಡದ ಪಾಠ

ತಾಲ್ಲೂಕಿನ ಫೋಟೊಗ್ರಾಫರ್ ಬದುಕುವುದು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ಫೋಟೊಗಳಿಂದ. ಕಲಿಯಲು ಅವರ ಸುತ್ತ ಬೇಕಾದಷ್ಟಿದೆ. ಚಂದ್ರಗುತ್ತಿಯ ಜಾತ್ರೆಯಿದೆ, ರಾತ್ರಿಯಿಡೀ ನಡೆಯುವ ಯಕ್ಷಗಾನವಿದೆ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇದೆ, 1985ರಿಂದ ಊರೂರು ತಿರುಗುವ ಅದರ ತಿರುಗಾಟದ ನಾಟಕಗಳಿವೆ. ಕಡಿಮೆ ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ, ನಟ ತಿರುಗುವ ಮೊದಲೇ ಅವನ ತಿರುವನ್ನು ಊಹಿಸಿ ಫೋಟೊ ತೆಗೆಯಲು ಬಂದವರು ಯಾವ ಸಿನಿಮಾ ಸೆಟ್ಟಿನಲ್ಲೂ ತಡವರಿಸುವುದಿಲ್ಲ.

ಎಲ್ಲಕ್ಕಿಂತ ಕಠಿಣ ಪಾಠಶಾಲೆ ಹೋರಿ ಹಬ್ಬ. ದೀಪಾವಳಿಗೆ ಶುರುವಾಗಿ ಕೆಲವು ತಿಂಗಳು ನಡೆಯುವ ಈ ಹಬ್ಬದಲ್ಲಿ ಅಖಾಡಕ್ಕೆ ಬಿಟ್ಟ ಹೋರಿ ಕಣ್ಣೆದುರು ಇರುವುದು ಕೆಲವೇ ಸೆಕೆಂಡು. ಎರಡೂ ಬದಿಯಿಂದ ಕೊಬ್ಬರಿ ಹರಿಯಲು ಕೈಗಳು ನುಗ್ಗುತ್ತವೆ. ಷಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕಿಂತ ವೇಗದಲ್ಲಿರಬೇಕು. ಹೋರಿ ಹಾಯುವ ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟಿರಬೇಕು. ಮುಂಗಾಲೆರಡೂ ನೆಲ ಬಿಟ್ಟಿರಬೇಕು, ಕೊಬ್ಬರಿ ಸರ ಗಾಳಿಯಲ್ಲಿರಬೇಕು, ಯಾರ ಕೈಯೂ ಹೋರಿಯ ಕಣ್ಣಿಗೆ ಅಡ್ಡ ಬಂದಿರಬಾರದು. ಬಲೂನು ಕಟ್ಟಿದ ಪೀಪಿ ಹೋರಿಯಾದರೆ ಅಲಂಕಾರದ ತುದಿಯೂ ಚೌಕಟ್ಟಿನೊಳಗೆ ಬರಬೇಕು. ಅದು ಕತ್ತರಿಸಿ ಹೋದರೆ ಮಾಲೀಕರು ಆ ಫೋಟೊವನ್ನು ತಿರುಗಿಯೂ ನೋಡರು. ಸಂಜೆಯ ಓರೆ ಬಿಸಿಲು, ಮೇಲೆದ್ದ ಧೂಳು ಸೇರಿದ ಗಳಿಗೆಯಲ್ಲಿ ಸಿಕ್ಕ ಒಂದು ಚೌಕ ಆ ಹೋರಿಯನ್ನು ತಾಲ್ಲೂಕಿಗೆಲ್ಲ ನಾಯಕನನ್ನಾಗಿ ಮಾಡುತ್ತದೆ.

ಇಲ್ಲಿ ಜವಾಬ್ದಾರಿಯೂ ಅಷ್ಟೇ ದೊಡ್ಡದು. ಹೋರಿ ತಿವಿದು ಪ್ರಾಣ ಕಳೆದುಕೊಂಡವರಿದ್ದಾರೆ. ಅಖಾಡದ ನಡುವೆ ನಿಂತು ತೆಗೆಯುವ ಫೋಟೊ ಎಷ್ಟೇ ಚೆಂದ ಬಂದರೂ ಒಂದು ಜೀವಕ್ಕೆ ಸಮನಲ್ಲ. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ನಿಂತು ಉದ್ದದ ಲೆನ್ಸಿನಿಂದ ತೆಗೆಯುವುದೇ ವಿವೇಕ. ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗೆಂದು ಪ್ರಾಣಿಯನ್ನು ಹಿಂಸಿಸಲು ಯಾರಿಗೂ ಪರವಾನಗಿ ಸಿಕ್ಕಿಲ್ಲ. ಬಾಲ ತಿರುಚುವ ಕೈಯನ್ನು, ಗಾಯಗೊಂಡ ಕಾಲನ್ನು ಕಂಡಾಗ ಕ್ಯಾಮೆರಾ ಬೇರೆ ಕಡೆ ತಿರುಗಬಾರದು. ಹೋರಿಯನ್ನು ಪ್ರೀತಿಸುವ ಫೋಟೊಗ್ರಾಫರ್ ಅದರ ನೋವನ್ನೂ ದಾಖಲಿಸಬೇಕು.

ದಾಸೋಜನ ತಾಲ್ಲೂಕು

ಹೆಸರಿನ ವಿಷಯದಲ್ಲಿ ಈ ಸೀಮೆಗೆ ಹಳೆಯ ಹೆಮ್ಮೆಯಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಡೆದವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಮುಖ್ಯರು. ಅವರು ಬಂದದ್ದು ಬಳ್ಳಿಗಾವಿಯಿಂದ, ಇಂದಿನ ಶಿಕಾರಿಪುರ ತಾಲ್ಲೂಕಿನಿಂದ. ಕುಣಿಯುವ, ಕನ್ನಡಿ ನೋಡುವ ಆ ಚೆಲುವೆಯರ ಕೆಳಗೆ ಅವರು ತಮ್ಮ ಹೆಸರನ್ನೂ ಕೊರೆದರು. ರಾಜನ ದೇವಾಲಯದಲ್ಲಿ, ದೇವರ ಸನ್ನಿಧಿಯಲ್ಲಿ ಕುಶಲಕರ್ಮಿಯ ಹೆಸರಿಗೆ ಜಾಗವಿತ್ತು. ಒಂಬೈನೂರು ವರ್ಷಗಳ ಮೇಲೂ ನಾವು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೇವೆ.

ಇಂದಿನ ಕಾನೂನೂ ಆ ಜಾಗವನ್ನು ಪೂರ್ತಿ ಕಸಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಹಣ ಪಡೆಯುವ ಮೊದಲೇ ನಾಲ್ಕು ಸಾಲಿನ ಒಪ್ಪಂದ ಬರೆದುಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಯಾರೂ ಹಣ ಕೊಟ್ಟು ಹೇಳದೆ ತಾನಾಗಿ ಅಖಾಡಕ್ಕೆ ಹೋಗಿ ತೆಗೆದ ಫೋಟೊ ಫೋಟೊಗ್ರಾಫರದೇ. ಒಡೆತನ ಬೇರೆಯವರಿಗೆ ಹೋದರೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಕರ್ತೃವಿಗೇ ಉಳಿಸಿದೆ. ಈ ಎರಡು ಸೆಕ್ಷನ್‌ಗಳನ್ನು ಹೊಸ ಲೆನ್ಸ್ ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ಉಳಿದದ್ದು ನಮ್ಮೆಲ್ಲರ ಕೈಯಲ್ಲಿದೆ. ಹೋರಿ ಹಬ್ಬದ ಸಮಿತಿಗಳು ಫ್ಲೆಕ್ಸ್ ಮಾಡಿಸುವಾಗ ಫೋಟೊ ತೆಗೆದವರ ಹೆಸರನ್ನೂ ಬರೆಸಲಿ. ಹಾರ್ಡ್ ಡಿಸ್ಕಿನಲ್ಲಿ ಕೊಳೆಯುತ್ತಿರುವ ಚಿತ್ರಗಳಿಗೆ ಊರು, ವರ್ಷ, ಹೋರಿಯ ಹೆಸರು ಬರೆದಿಡುವ ಅಭ್ಯಾಸವನ್ನು ಫೋಟೊಗ್ರಾಫರುಗಳು ಮಾಡಿಕೊಳ್ಳಲಿ. ಗಾಂಧಿನಗರದ ಹಳೆಯ ನೆಗೆಟಿವ್‌ಗಳು ತೇವಕ್ಕೆ ಅಂಟಿಕೊಂಡು ಹಾಳಾಗುವ ಮೊದಲು ಕರ್ನಾಟಕ ಚಲನಚಿತ್ರ ಅಕಾಡೆಮಿ ಅವುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿಸಿ, ತೆಗೆದವರ ಹೆಸರಿನ ಸಮೇತ ಜನರ ಮುಂದಿಡಲಿ. ಹೆಸರು ಇದ್ದರೆ ಮುಂದಿನ ಕೆಲಸ ಹುಡುಕಿಕೊಂಡು ಬರುತ್ತದೆ, ಸಂಭಾವನೆ ಕೇಳಲು ಬಾಯಿ ಬರುತ್ತದೆ, ಹತ್ತು ವರ್ಷದ ದುಡಿಮೆ ಒಬ್ಬರ ವೃತ್ತಿಜೀವನವಾಗಿ ಕಾಣುತ್ತದೆ. ಶಿಕಾರಿಪುರ ಮತ್ತು ಸೊರಬದ ಹೊಸ ಫೋಟೊಗ್ರಾಫರುಗಳಿಗೆ ಕೈಚಳಕ ಈಗಾಗಲೇ ಇದೆ. ಅವರ ಹೆಸರನ್ನು ಕತ್ತರಿಸಿ ಹಾಕದೆ ಉಳಿಸಿಕೊಳ್ಳುವುದು ಆ ಚಿತ್ರಗಳನ್ನು ಪ್ರೀತಿಯಿಂದ ನೋಡುವ ನಮ್ಮ ಕೆಲಸ.