ಬ್ರಾಡ್‌ವೇಯಿಂದ ಮಲೆನಾಡಿಗೆ ಬಂದ ಚಂದಿರ

ಶಿವಮೊಗ್ಗ, ಭದ್ರಾವತಿಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಎಂದಾದರೂ 'ಡೋ ರೇ ಮಿ' ಹಾಡು ಕೇಳಿಬಂದರೆ ಪಾಲಕರಿಗೆ ತಟ್ಟನೆ ನೆನಪಾಗುವುದು 'ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ. 1965ರಲ್ಲಿ ತೆರೆಕಂಡ ಆ ಚಿತ್ರವನ್ನು ಟಾಕೀಸಿನಲ್ಲಿ ನೋಡಿದವರಿದ್ದಾರೆ, ಟಿ.ವಿ.ಯಲ್ಲಿ ನೋಡಿದವರು ಇನ್ನೂ ಹೆಚ್ಚು. ಆದರೆ ಅದು ಹುಟ್ಟಿದ್ದು ಸಿನಿಮಾ ಆಗಿ ಅಲ್ಲ, ನಾಟಕವಾಗಿ ಎಂಬುದು ಬಹಳ ಮಂದಿಗೆ ತಿಳಿಯದು. ಚಿತ್ರಕ್ಕೂ ಆರು ವರ್ಷ ಮೊದಲು, 1959ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಅದರ ತೆರೆ ಎದ್ದಿತು. ಸಂಗೀತ ರಿಚರ್ಡ್ ರಾಜರ್ಸ್ ಅವರದು, ಹಾಡುಗಳು ಆಸ್ಕರ್ ಹ್ಯಾಮರ್‌ಸ್ಟೈನ್ ಅವರವು. ಅದರಲ್ಲಿನ 'ಎಡೆಲ್‌ವೈಸ್' ಎಂಬ ಹಾಡನ್ನು ಆಸ್ಟ್ರಿಯದ ಹಳೆಯ ಜನಪದ ಗೀತೆ ಎಂದೇ ನಂಬಿದವರು ಲೋಕದಲ್ಲೆಲ್ಲ ಇದ್ದಾರೆ. ವಾಸ್ತವದಲ್ಲಿ ಅದು ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಹಾಡು. ನಾಟಕ ಆರಂಭವಾಗಿ ಒಂಬತ್ತೇ ತಿಂಗಳಿಗೆ ಅವರು ತೀರಿಕೊಂಡರು.

ಬ್ರಾಡ್‌ವೇ ಎಂಬುದು ನ್ಯೂಯಾರ್ಕ್ ನಗರದ ಒಂದು ರಸ್ತೆಯ ಹೆಸರು. ಅದರ ಆಸುಪಾಸಿನಲ್ಲಿರುವ ಸುಮಾರು 40 ದೊಡ್ಡ ರಂಗಮಂದಿರಗಳಲ್ಲಿ ವಾರಕ್ಕೆ ಎಂಟು ಪ್ರದರ್ಶನದಂತೆ ನಾಟಕಗಳು ನಡೆಯುತ್ತವೆ. ಇವುಗಳಲ್ಲಿ ಹಾಡು, ಕುಣಿತ, ಮಾತು ಮೂರೂ ಬೆರೆತ ನಾಟಕಕ್ಕೆ ಅಲ್ಲಿನವರು 'ಮ್ಯೂಸಿಕಲ್' ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೊಸ ಹೆಸರು ಹುಡುಕಬೇಕಾಗಿಲ್ಲ. ಸಂಗೀತ ನಾಟಕ ಎಂಬ ಮಾತು ನೂರು ವರ್ಷಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಹಾಡು ಬಾರದವನಿಗೆ ಅಲ್ಲಿ ನಾಯಕನ ಪಾತ್ರ ಸಿಗುತ್ತಿರಲಿಲ್ಲ. ಸಭಿಕರು 'ಒನ್ಸ್‌ಮೋರ್' ಎಂದು ಕೂಗಿದರೆ ಸತ್ತು ಬಿದ್ದ ರಾಜಕುಮಾರನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು ಎಂದು ಹಳಬರು ನಗುತ್ತಾ ಹೇಳುವುದುಂಟು. 1934ರ 'ಕುರುಕ್ಷೇತ್ರ' ನಾಟಕಕ್ಕೆ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಟಿಕೆಟ್ಟಿನ ಹಣದಿಂದಲೇ ಬದುಕಬೇಕಾದ ನಾಟಕ ಯಾವ ದೇಶದಲ್ಲಾದರೂ ಅದ್ದೂರಿಯ ದಾರಿ ಹಿಡಿಯುತ್ತದೆ. ಬ್ರಾಡ್‌ವೇ ಹಿಡಿದದ್ದೂ ಅದನ್ನೇ.

ಎರಡರ ನಡುವೆ ಒಂದು ವ್ಯತ್ಯಾಸವಿದೆ. ಕಂಪನಿ ನಾಟಕದಲ್ಲಿ ಹಾಡು ಬಂದಾಗ ಕಥೆ ಸ್ವಲ್ಪ ಹೊತ್ತು ಬದಿಗೆ ಸರಿದು ನಿಲ್ಲುತ್ತಿತ್ತು. ರಾಗದ ಸವಿ ಮುಗಿದ ಮೇಲೆ ಕಥೆ ಮುಂದುವರಿಯುತ್ತಿತ್ತು. ಅಮೆರಿಕದಲ್ಲೂ ಮೊದಲು ಹೀಗೆಯೇ ಇತ್ತು. 1927ರ 'ಶೋ ಬೋಟ್', 1943ರ 'ಒಕ್ಲಹೋಮ' ನಾಟಕಗಳು ಈ ರೂಢಿಯನ್ನು ಬದಲಿಸಿದವು. ಹಾಡು ಆರಂಭವಾದಾಗ ಇದ್ದ ಸ್ಥಿತಿಯಲ್ಲೇ ಹಾಡು ಮುಗಿದಾಗಲೂ ಪಾತ್ರ ನಿಂತಿದ್ದರೆ ಆ ಹಾಡನ್ನು ಕಿತ್ತುಹಾಕಬೇಕು ಎಂಬುದು ಅಂದಿನಿಂದ ಅಲ್ಲಿನ ಪಾಠವಾಯಿತು. ಹಾಡಿನೊಳಗೇ ಹುಡುಗಿ ಮನಸ್ಸು ಬದಲಾಯಿಸಬೇಕು, ಹಾಡಿನೊಳಗೇ ಅಪ್ಪ ಒಪ್ಪಿಗೆ ಕೊಡಬೇಕು. ಮಾತು ಸಾಲದೆ ಹೋದಾಗ ಹಾಡು, ಹಾಡೂ ಸಾಲದೆ ಹೋದಾಗ ಕುಣಿತ. ಯಕ್ಷಗಾನ ನೋಡಿ ಬೆಳೆದ ಮಲೆನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಐದು ಹೆಣ್ಣುಮಕ್ಕಳ ತಂದೆ

ಇಂಥ ನಾಟಕಗಳಲ್ಲಿ ಒಂದಕ್ಕೆ ಶಿವಮೊಗ್ಗ ಜಿಲ್ಲೆಯೊಂದಿಗೆ ನೇರವಾದ ನಂಟು ಬೆಳೆದಿದೆ. ಅದು 'ಫಿಡ್ಲರ್ ಆನ್ ದಿ ರೂಫ್', ಎಂದರೆ ಮಾಡಿನ ಮೇಲೆ ಕುಳಿತ ಪಿಟೀಲುವಾದಕ. 1964ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಇಂಪೀರಿಯಲ್ ಥಿಯೇಟರಿನಲ್ಲಿ ಇದರ ಪ್ರದರ್ಶನ ಆರಂಭವಾಯಿತು. ನಿಂತದ್ದು 1972ರ ಜುಲೈ 2ರಂದು. ಅಷ್ಟರಲ್ಲಿ 3,242 ಪ್ರದರ್ಶನಗಳಾಗಿದ್ದವು. ಮೂರು ಸಾವಿರದ ಗೆರೆ ದಾಟಿದ ಮೊದಲ ಬ್ರಾಡ್‌ವೇ ಸಂಗೀತ ನಾಟಕ ಇದೇ.

ಕಥೆಯ ಬೇರು ಶೋಲೆಮ್ ಅಲೈಕೆಮ್ ಯಿಡ್ಡಿಷ್ ಭಾಷೆಯಲ್ಲಿ ಬರೆದ ಕಥೆಗಳಲ್ಲಿದೆ. ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿದ ಅನಟೆವ್ಕ ಎಂಬ ಹಳ್ಳಿ. ಅಲ್ಲಿ ಹಾಲು ಮಾರುವ ಟೇವಿಯ ಎಂಬ ಬಡ ಯಹೂದಿ. ಅವನಿಗೆ ಐದು ಹೆಣ್ಣುಮಕ್ಕಳು. ದೊಡ್ಡವಳಿಗೆ ಅಪ್ಪ ಊರಿನ ಸಿರಿವಂತ ಕಟುಕನೊಂದಿಗೆ ಮದುವೆಯ ಮಾತಾಡಿ ಬಂದರೆ, ಅವಳು ಬಡ ದರ್ಜಿಯನ್ನು ಒಲಿದಿದ್ದಾಳೆ. ಎರಡನೆಯವಳು ಕ್ರಾಂತಿಯ ಮಾತಾಡುವ ವಿದ್ಯಾರ್ಥಿಯ ಹಿಂದೆ ಸೈಬೀರಿಯಕ್ಕೆ ಹೊರಡುತ್ತಾಳೆ. ಮೂರನೆಯವಳು ಬೇರೆ ಧರ್ಮದ ಹುಡುಗನನ್ನು ಮದುವೆಯಾಗುತ್ತಾಳೆ. ಮೊದಲ ಎರಡಕ್ಕೆ ಹೇಗೋ ಮನಸ್ಸು ಒಗ್ಗಿಸಿಕೊಂಡ ಅಪ್ಪ ಮೂರನೆಯದಕ್ಕೆ ಬಗ್ಗಲಾರ. ಮಗಳು ತನ್ನ ಪಾಲಿಗೆ ಇಲ್ಲ ಎಂದುಬಿಡುತ್ತಾನೆ. ಕೊನೆಯಲ್ಲಿ ಸರ್ಕಾರದ ಆಜ್ಞೆ ಬರುತ್ತದೆ: ಮೂರು ದಿನದಲ್ಲಿ ಯಹೂದಿಗಳೆಲ್ಲ ಊರು ಬಿಡಬೇಕು.

ಸಾಹಿತ್ಯ ಶೆಲ್ಡನ್ ಹಾರ್ನಿಕ್, ಸಂಗೀತ ಜೆರಿ ಬಾಕ್, ಸಂಭಾಷಣೆ ಜೋಸೆಫ್ ಸ್ಟೈನ್. ನಿರ್ದೇಶನ, ನೃತ್ಯ ಎರಡೂ ಜೆರೋಮ್ ರಾಬಿನ್ಸ್ ಅವರವು. ನಾಟಕ ಬರೆಯುವ ಹಂತದಲ್ಲಿ ರಾಬಿನ್ಸ್ ಒಂದೇ ಪ್ರಶ್ನೆ ಹಿಡಿದು ಕುಳಿತರಂತೆ: ಈ ನಾಟಕ ಯಾವುದರ ಬಗ್ಗೆ? ಹಾಲು ಮಾರುವವನ ಬಗ್ಗೆ, ಹೆಣ್ಣುಮಕ್ಕಳ ಮದುವೆಯ ಬಗ್ಗೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಕೊನೆಗೆ ಸಂಪ್ರದಾಯ ಒಡೆಯುವುದರ ಬಗ್ಗೆ ಎಂಬ ಉತ್ತರ ಹೊರಟಾಗ, ಹಾಗಾದರೆ ಅದನ್ನೇ ಮೊದಲ ಹಾಡಾಗಿ ಬರೆಯಿರಿ ಎಂದರು. ನಾಟಕ ಇಂದಿಗೂ ಆ ಹಾಡಿನಿಂದಲೇ ಆರಂಭವಾಗುತ್ತದೆ. ನ್ಯೂಯಾರ್ಕಿಗೆ ಬರುವ ಮುನ್ನ ಡೆಟ್ರಾಯಿಟ್ ನಗರದಲ್ಲಿ ಪ್ರಯೋಗ ಪ್ರದರ್ಶನಗಳು ನಡೆದವು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಟೇವಿಯ ಮೊದಲ ಬಾರಿಗೆ 'ನನ್ನ ಮೇಲೆ ನಿನಗೆ ಪ್ರೀತಿ ಇದೆಯೇ' ಎಂದು ಕೇಳುವ ಹಾಡು ಸೇರಿದ್ದು ಅಲ್ಲಿಯೇ. ನೋಡಿದವರು ಮರೆಯದ ದೃಶ್ಯವದು. ನಂತರ ಸೇರಿಸಿದ್ದು ಎಂದರೆ ನಂಬುವುದು ಕಷ್ಟ.

ಯಹೂದಿಗಳ ಕಥೆ ಬೇರೆಯವರಿಗೆ ಹಿಡಿಸುವುದೇ ಎಂಬ ಅನುಮಾನ ನಿರ್ಮಾಪಕರಿಗಿತ್ತು. 1967ರಲ್ಲಿ ಟೋಕಿಯೊದಲ್ಲಿ ಜಪಾನಿ ಭಾಷೆಯ ಪ್ರದರ್ಶನ ಸಿದ್ಧವಾದಾಗ ಅಲ್ಲಿನವರು ಸ್ಟೈನ್ ಅವರನ್ನು, ಇದು ಇಷ್ಟೊಂದು ಜಪಾನಿ ನಾಟಕವಾಗಿದೆಯಲ್ಲ, ಅಮೆರಿಕದವರಿಗೆ ಅರ್ಥವಾಗುತ್ತದೆಯೇ ಎಂದು ಕೇಳಿದರಂತೆ. ಹೆಣ್ಣುಮಕ್ಕಳ ಮದುವೆಯ ಚಿಂತೆ ಹೊತ್ತ ಅಪ್ಪ ಯಾವ ದೇಶದಲ್ಲಿಲ್ಲ?

ಊರು ಬಿಡುವ ಕೊನೆಯ ದೃಶ್ಯವಂತೂ ಶಿವಮೊಗ್ಗ ಜಿಲ್ಲೆಯವರಿಗೆ ಬೇರೆಯದೇ ರೀತಿಯಲ್ಲಿ ತಟ್ಟಬೇಕು. ನ್ಯೂಯಾರ್ಕಿನಲ್ಲಿ ಈ ನಾಟಕ ಆರಂಭವಾದ ಅದೇ 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರು ಏರಿದಂತೆ ಗಂಟುಮೂಟೆ ಕಟ್ಟಿ ಹೊರಟ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಜಿಲ್ಲೆಯ ಉದ್ದಗಲಕ್ಕೂ ಇದ್ದಾರೆ. ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದದ್ದು ಇವರ ಸಂಕಟವನ್ನೇ. ಮನೆಯಲ್ಲಿ ಅಜ್ಜ ಅಜ್ಜಿ ಮುಳುಗಡೆಯ ಕಾಲದವರಾಗಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಟೇವಿಯ ತನ್ನ ಹಾಲಿನ ಗಾಡಿಗೆ ಸಾಮಾನು ಹೇರಿ ಎಳೆದುಕೊಂಡು ಹೋಗುವ ದೃಶ್ಯವನ್ನು ಅವರು ಬೇರೆ ಹೆಸರಿನಲ್ಲಿ ಹೇಳಿಯಾರು.

ಆನವಟ್ಟಿಯಲ್ಲಿ ನಿಂತ ನಾಟಕ

ಈ ನಾಟಕವನ್ನು ಕನ್ನಡಕ್ಕೆ ತಂದವರು ಗೋಕರ್ಣದ ಜಯಂತ ಕಾಯ್ಕಿಣಿ. ಇಂದಿನ ವಿದ್ಯಾರ್ಥಿಗಳಿಗೆ ಅವರು 'ಮುಂಗಾರು ಮಳೆ'ಯ ಗೀತರಚನಕಾರರಾಗಿ ಪರಿಚಿತರು. ಅದಕ್ಕೂ ಬಹಳ ಮೊದಲೇ ಕಥೆಗಾರರಾಗಿ, ಕವಿಯಾಗಿ ಹೆಸರಾದವರು. ಅವರ ರೂಪಾಂತರದ ಹೆಸರು 'ಜತೆಗಿರುವನು ಚಂದಿರ'. ಯಹೂದಿ ಕುಟುಂಬದ ಜಾಗದಲ್ಲಿ ಇಲ್ಲಿರುವುದು ನಮ್ಮ ನಾಡಿನ ಒಂದು ಮುಸ್ಲಿಂ ಕುಟುಂಬ. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕವನ್ನೂ ಕಾಯ್ಕಿಣಿ 'ಸೇವಂತಿ ಪ್ರಸಂಗ'ವಾಗಿ ಕನ್ನಡಿಸಿದ್ದಾರೆ. 1956ರಲ್ಲಿ ಬ್ರಾಡ್‌ವೇಯಲ್ಲಿ 'ಮೈ ಫೇರ್ ಲೇಡಿ' ಎಂಬ ಸಂಗೀತ ನಾಟಕವಾದದ್ದು ಇದೇ ಷಾ ಕೃತಿ. 'ಚಂದಿರ'ವನ್ನು ಮೈಸೂರಿನ ಹುಲುಗಪ್ಪ ಕಟ್ಟಿಮನಿ ಅವರು ನಿರ್ದೇಶಿಸಿ ತಾವೂ ಅಭಿನಯಿಸಿದ್ದಾರೆ. ಬೇರೆ ಬೇರೆ ತಂಡಗಳೂ ಇದನ್ನು ಆಡಿವೆ.

2022ರ ಜುಲೈ 3ರಂದು ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ರಂಗಬೆಳಕು ತಂಡ ಈ ನಾಟಕವನ್ನು ಆಡುತ್ತಿತ್ತು. ಆಟ ನಡೆಯುತ್ತಿದ್ದಾಗಲೇ ಹಿಂದೂಪರ ಸಂಘಟನೆಯೊಂದರ ಕಾರ್ಯಕರ್ತರು ಸಭಾಂಗಣಕ್ಕೆ ಬಂದು ಘೋಷಣೆ ಕೂಗಿ ನಾಟಕವನ್ನು ನಿಲ್ಲಿಸಿದರು. ಮುಸ್ಲಿಂ ಕುಟುಂಬದ ಕಥೆಯನ್ನು ಅಲ್ಲಿ ಆಡುತ್ತಿರುವುದಕ್ಕೆ ಅವರ ತಕರಾರು ಎಂದು ಪತ್ರಿಕೆಗಳು ವರದಿ ಮಾಡಿದವು. ಸಭಿಕರು ಅರ್ಧಕ್ಕೇ ಎದ್ದು ಹೋಗಬೇಕಾಯಿತು. ರಾಜ್ಯದ ಅನೇಕ ಲೇಖಕರು, ರಂಗಕರ್ಮಿಗಳು ಇದನ್ನು ಖಂಡಿಸಿದರು.

ಇಲ್ಲಿ ಮೂಲ ನಾಟಕದ ಒಂದು ಸಂಗತಿಯನ್ನು ನೆನೆಯಬೇಕು. 'ಫಿಡ್ಲರ್' ನಾಟಕದ ಮೊದಲ ಅಂಕ ಮುಗಿಯುವುದು ಹಿರಿಯ ಮಗಳ ಮದುವೆಯ ಸಂಭ್ರಮದಲ್ಲಿ. ಹಾಡು ಕುಣಿತ ತಾರಕಕ್ಕೇರಿದ ಹೊತ್ತಿಗೆ ಹೊರಗಿನಿಂದ ಗುಂಪೊಂದು ನುಗ್ಗಿ ಮದುವೆಯ ಮನೆಯನ್ನು ಹಾಳುಗೆಡವುತ್ತದೆ. ದಿಂಬು ಹರಿಯುತ್ತದೆ, ಉಡುಗೊರೆಗಳು ಚೆಲ್ಲಾಪಿಲ್ಲಿಯಾಗುತ್ತವೆ, ವಾದ್ಯಗಳು ನಿಲ್ಲುತ್ತವೆ. ರಂಗದ ಮೇಲೆ ಬರೆದಿಟ್ಟಿದ್ದ ದೃಶ್ಯ ಆನವಟ್ಟಿಯಲ್ಲಿ ರಂಗದ ಕೆಳಗೆ ನಡೆಯಿತು ಎನ್ನಬೇಕು. ನಾಟಕವನ್ನು ಕೊನೆಯವರೆಗೆ ನೋಡಿ ಆಮೇಲೆ ಜಗಳವಾಡಿದ್ದರೆ ಅದೊಂದು ಚರ್ಚೆಯಾದರೂ ಆಗುತ್ತಿತ್ತು. ಟೇವಿಯನೇನೂ ಮಗಳ ಅಂತರ್ಧರ್ಮೀಯ ಮದುವೆಗೆ ಹೂಹಾರ ಹಾಕುವವನಲ್ಲ. ಸಂಪ್ರದಾಯ ಕಳೆದುಕೊಳ್ಳುವವನ ನೋವನ್ನು ಆ ನಾಟಕದಷ್ಟು ಸಹಾನುಭೂತಿಯಿಂದ ಕಂಡ ಕೃತಿಗಳು ಕಡಿಮೆ.

ಸಂಜೆ ತಾಲೀಮಿಗೆ ಹೊರಟ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ 'ಯಾಕಮ್ಮಾ ಬೇಕು ಇದೆಲ್ಲ' ಎನ್ನುವ ತಾಯಿಯ ಅಳುಕಿಗೆ ಇಂಥ ಸುದ್ದಿಗಳು ಇನ್ನಷ್ಟು ಗಾಳಿ ಹಾಕುತ್ತವೆ. ಹಿಂದೆಲ್ಲ ಅಳುಕು ಪರೀಕ್ಷೆಯ ಅಂಕದ ಬಗ್ಗೆ ಮಾತ್ರ ಇತ್ತು.

ಹತ್ತಿರದಲ್ಲೇ ಇರುವ ದಾರಿ

ಹಾಡುವ, ಆಡುವ ಕಲಾವಿದರು ಬೆಳೆಯುವುದಕ್ಕೆ ಈ ಜಿಲ್ಲೆಯಷ್ಟು ಅನುಕೂಲವಾದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವಿದೆ, ಸರ್ಕಾರದ ರಂಗಾಯಣವಿದೆ. ಭದ್ರಾವತಿಯ ಆಕಾಶವಾಣಿ 1965ರಿಂದ ಮಲೆನಾಡಿನ ದನಿಗಳನ್ನು ಮನೆಮನೆಗೆ ಮುಟ್ಟಿಸಿದೆ. ಅದೇ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ನಾಟಕವಾಡಿ, ಮುಂದೆ ಸಿನಿಮಾಕ್ಕೆ ಹೋದವರು ನಟ ದೊಡ್ಡಣ್ಣ. ಶಿವಮೊಗ್ಗ ಸುಬ್ಬಣ್ಣ ಓದಿದ್ದು ಕಾನೂನು, ಹಾಡಿದ್ದು ಭಾವಗೀತೆ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು.

ಆಧುನಿಕ ಕನ್ನಡ ನಾಟಕಕ್ಕೆ ಹಾಡನ್ನು ಮರಳಿ ತಂದವರೆಂದರೆ ಬಿ.ವಿ. ಕಾರಂತರು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿ ಕಲಿತದ್ದನ್ನು ಅವರು ಎಂದೂ ಬಿಡಲಿಲ್ಲ. 'ಫಿಡ್ಲರ್' ನ್ಯೂಯಾರ್ಕಿನಲ್ಲಿ ಮುಗಿದ ಅದೇ 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಕಂಬಾರರ 'ಜೋಕುಮಾರಸ್ವಾಮಿ'ಯನ್ನೂ, ಶಿವಮೊಗ್ಗ ಸೀಮೆಯ ಕೊನಗವಳ್ಳಿಯಿಂದ ಬಂದ ಲಂಕೇಶರ 'ಸಂಕ್ರಾಂತಿ'ಯನ್ನೂ ಅವರು ಆಡಿಸಿದರು. ಕಾರಂತರಿಗೆ ಆರ್ಕೆಸ್ಟ್ರಾ ಬೇಕಿರಲಿಲ್ಲ. ತೆಂಗಿನ ಕರಟ, ಕಲ್ಲು, ಡಬ್ಬ, ಕೊನೆಗೆ ಬರಿಯ ಉಸಿರು, ಯಾವುದಾದರೂ ಅವರ ಕೈಯಲ್ಲಿ ವಾದ್ಯವಾಗುತ್ತಿತ್ತು. ಬ್ರಾಡ್‌ವೇಯ ಅದ್ದೂರಿ ನೋಡಿ ನಮ್ಮ ಶಾಲೆಯಲ್ಲಿ ಇದೆಲ್ಲ ಆಗುವ ಮಾತೇ ಎನ್ನುವ ಮೇಷ್ಟ್ರುಗಳಿಗೆ ಕಾರಂತರೇ ಉತ್ತರ. ರವೀಂದ್ರನಾಥ ಠಾಕೂರರ ಗಿಣಿಯ ಕಥೆಯನ್ನು ಆಧರಿಸಿದ ಅವರ 'ಪಂಜರಶಾಲೆ' ಮಕ್ಕಳಿಗೆಂದೇ ಕಟ್ಟಿದ ಹಾಡು ತುಂಬಿದ ನಾಟಕ. ಗಿಣಿಗೆ ವಿದ್ಯೆ ಕಲಿಸಹೊರಟವರು ಪುಸ್ತಕದ ಹಾಳೆಗಳನ್ನೇ ಅದರ ಗಂಟಲಿಗೆ ತುರುಕುತ್ತಾರೆ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುವ ಮಕ್ಕಳು ಅದನ್ನು ಆಡುವಾಗ ಮುಂದಿನ ಸಾಲಿನಲ್ಲಿ ಕುಳಿತ ಪಾಲಕರ ಮುಖ ನೋಡುವಂತಿರುತ್ತದೆ.

ಕಲಿಯಬೇಕೆಂಬ ಮಕ್ಕಳಿಗೆ ಮೊದಲ ಕಷ್ಟ ಉಸಿರಿನದು. ಕುಳಿತು ಹಾಡುವುದು ಬೇರೆ, ಓಡಿ ಬಂದು ಹಾಡುವುದು ಬೇರೆ. ಅಮೆರಿಕದ ತಂಡಗಳಲ್ಲಿ ಮುಖ್ಯ ಪಾತ್ರಕ್ಕೆ ಬದಲಿ ನಟರು ಎಲ್ಲ ಹಾಡುಗಳನ್ನೂ ಕಲಿತು ಪ್ರತಿ ರಾತ್ರಿ ಸಿದ್ಧರಾಗಿರುತ್ತಾರೆ. ಎಷ್ಟೋ ರಾತ್ರಿ ಅವರ ಸರದಿ ಬರುವುದೇ ಇಲ್ಲ. ಇಲ್ಲಿ ಶಾಲೆಯ ತಂಡಕ್ಕೂ ಇಬ್ಬರು ಟೇವಿಯರನ್ನು ತಯಾರು ಮಾಡಿಕೊಳ್ಳುವುದು ಒಳ್ಳೆಯದು. ಪರೀಕ್ಷೆ, ಜ್ವರ ಎರಡೂ ಹೇಳಿ ಬರುವುದಿಲ್ಲವಲ್ಲ! ಜತೆಗೆ ತಾಲೀಮಿನ ಮೊದಲ ದಿನವೇ ಹಾರ್ಮೋನಿಯಂ ಮುಂದೆ ಎಲ್ಲರ ಶ್ರುತಿ ನೋಡಿಬಿಡಬೇಕು. ಹುಡುಗರ ದನಿ ಒಡೆಯುವ ವಯಸ್ಸು ಇದು. ಜೂನ್‌ನಲ್ಲಿ ಬಿಳಿ ನಾಲ್ಕಕ್ಕೆ ಹಾಡುತ್ತಿದ್ದವನು ಡಿಸೆಂಬರ್‌ನ ವಾರ್ಷಿಕೋತ್ಸವದ ಹೊತ್ತಿಗೆ ಎಲ್ಲಿಗೆ ಇಳಿದಿರುತ್ತಾನೋ ಹೇಳಲಾಗದು.